ಹನ್ನೆರಡನೇ ಹಾಡು

ಆ ಟಿವಿ ಆರಿಸಿ ಹತ್ತಿರ ಬನ್ನಿ, ಹೇಳುತ್ತೇನೆ. ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಗೋಡೆಯಾಚೆ ಲಿಫ್ಟ್ ಮೆಕ್ಯಾನಿಕ್ ಇದ್ದಾನಲ್ಲ... ಅವನ ಮನೆಯಲ್ಲಿ ಆದದ್ದು.

ಅವತ್ತು ಯಾವುದೋ ಆಫೀಸಿನ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು, ಒಳಗಿದ್ದವರನ್ನು ಬಿಡಿಸುವಷ್ಟರಲ್ಲಿ ಹನ್ನೊಂದೂವರೆ. ಕೊನೆಯ ಬಸ್ಸು ಹೋಗಿತ್ತು. ನಡೆದೇ ಬಂದ. ನಮ್ಮ ಓಣಿಯ ತಿರುವಿನಲ್ಲಿ ಜಾಲರಿ ಮುಚ್ಚಿದ ಹಳೇ ಬಾವಿ ಇದೆಯಲ್ಲ, ಅಲ್ಲಿಗೆ ಬಂದಾಗ ಹಾಡು ಕೇಳಿಸಿತು. ಅವನ ಮಗಳ ದನಿ.

ಅಲ್ಲೇ ನಿಂತುಬಿಟ್ಟ. ಕಣ್ಣು ತುಂಬಿ ಬಂತಂತೆ. ಯಾಕೆ ಅಂದರೆ ಆ ಮಗುವಿನ ದನಿ ಹೋಗಿತ್ತು. ಒಂಬತ್ತು ವರ್ಷದ ಹುಡುಗಿ, ಬಾಯಿಗೆ ಬೀಗವೇ ಇಲ್ಲ, ಓಣಿಯವರೆಲ್ಲ ಕರೆಯುವುದೇ ಚಿಟಪಟ ಅಂತ. ಮೊದಲ ದಿನ ಗಂಟಲು ಕಟ್ಟಿತು. ಎರಡನೇ ದಿನ ಬರೀ ಪಿಸುಮಾತು. ಮೂರನೇ ದಿನ ಸಂಜೆಗೆ ಅದೂ ನಿಂತಿತು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಗಂಟಲು ಚೆನ್ನಾಗಿಯೇ ಇದೆಯಲ್ಲ ಅಂದಿದ್ದರು.

ಬಾಗಿಲು ತೆಗೆದವಳು ಅವನ ಅಕ್ಕ. ಹೆಂಡತಿ ತೀರಿಕೊಂಡ ಮೇಲೆ ಆ ಮನೆ ನಡೆಯುತ್ತಿರುವುದೇ ಅವಳಿಂದ.

"ದನಿ ಬಂತಾ ಅವಳಿಗೆ?"

"ಮೆತ್ತಗೆ... ಅವಳು ಮಲಗಿ ಎಷ್ಟೋ ಹೊತ್ತಾಯ್ತು."

"ಮತ್ತೆ ಹಾಡ್ತಿರೋದು?"

ಅಕ್ಕ ಕಂಪ್ಯೂಟರ್ ಕೋಣೆಯ ಕಡೆ ನೋಡಿದಳು. "ಮಲಗೋವಾಗ ಮಗು ಅಮ್ಮನ ಹಾಡಾದ್ರೂ ಕೇಳ್ಲಿ ಅಂತ ಹಾಕ್ದೆ. ಆರಿಸೋಕೆ ಒಳಗೆ ಹೋಗೋಕೆ... ನಂಗೆ ಭಯ ಆಯ್ತು ಕಣೋ."

ಅವನ ಹೆಂಡತಿ ಸಂಗೀತದ ಟೀಚರ್. ಹಾಸಿಗೆ ಹಿಡಿದ ಮೇಲೆ, ಮಗಳಿಗಾಗಿ ಹನ್ನೆರಡು ಹಾಡುಗಳ ಒಂದು ಸಿಡಿ ಮಾಡಿಸಿದ್ದಳು. ತಾನು ಒಂದು ಸಾಲು ಹಾಡುತ್ತಾಳೆ, ಆಮೇಲೆ ಅಷ್ಟೇ ಹೊತ್ತು ಸುಮ್ಮನಿರುತ್ತಾಳೆ. ಆ ಖಾಲಿ ಜಾಗದಲ್ಲಿ ಮಗಳು ಹಾಡಬೇಕು. ಎರಡು ವರ್ಷ ದಿನಾ ಸಂಜೆ ಹಾಕಿ ಹಾಕಿ ಸಿಡಿಯ ಮೈತುಂಬ ಗೀರು. ಹೆಂಡತಿಯ ದನಿ ಅಂತ ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ. ಅದಕ್ಕೇ ಮೂರು ದಿನದಿಂದ ಅದನ್ನು ಕಂಪ್ಯೂಟರಿಗೆ ಹಾಕಿ, ಒಂದೊಂದೇ ಹಾಡನ್ನು ಎಂಪಿತ್ರೀ ಮಾಡುತ್ತಿದ್ದ. ಡ್ರೈವು ಗುರ್‍ರ್ ಅಂತ ತಿರುಗುವುದು, ಟಿಕ್ ಟಿಕ್ ಅಂತ ತಡವರಿಸುವುದು, ಓದಲಾಗದೆ ಮತ್ತೆ ಹಿಂದಕ್ಕೆ ಹೋಗುವುದು. ದಿನಕ್ಕೆ ನಾಲ್ಕು ಹಾಡು ಮುಗಿದರೆ ಅದೇ ಪುಣ್ಯ. ಪಾಪ, ಕೆಲಸದ ಗಡಿಬಿಡಿಯಲ್ಲಿ ಒಂದನ್ನೂ ಹಾಕಿ ಕೇಳಿರಲಿಲ್ಲ.

ಈಗ ಕೇಳಿದ. ಹೆಂಡತಿ ಒಂದು ಸಾಲು ಹಾಡಿದಳು. ನಿಲ್ಲಿಸಿದಳು. ಖಾಲಿ ಇರಬೇಕಾದ ಜಾಗದಲ್ಲಿ... ಮಗಳು ಹಾಡಿದಳು. ಉಸಿರು ಎಳೆದುಕೊಳ್ಳುವ ಸಣ್ಣ ಸದ್ದೂ ಸ್ಪಷ್ಟ. ಆ ಕಂಪ್ಯೂಟರಿಗೆ ಮೈಕೇ ಇಲ್ಲ ನೋಡಿ.

ಎರಡನೆಯದು ಹಾಕಿದ. ಅದರಲ್ಲೂ ಮಗಳು. ಏಳನೆಯದರಲ್ಲೂ ಮಗಳು. ಮೊದಲ ನಾಲ್ಕು ಹಾಡಿಗೆ ಗಂಟಲು ಕಟ್ಟಿತ್ತು, ಎಂಟಕ್ಕೆ ಪಿಸುಮಾತು, ಹನ್ನೆರಡಕ್ಕೆ ಪೂರ್ತಿ ಮೌನ. ಲೆಕ್ಕ ಕೂಡಿತು.

ಮೊದಲ ಹಾಡನ್ನು ಅಳಿಸಿ ನೋಡಿದ. ಒಳಕೋಣೆಯಿಂದ ಖೊಕ್ ಅಂತ ಕೆಮ್ಮು. ದನಿ ನಿಂತ ಮೇಲೆ ಅವಳ ಗಂಟಲಿಂದ ಬಂದ ಮೊದಲ ಸದ್ದು. ಎರಡನೆಯದನ್ನೂ ಅಳಿಸಿದ. ನಿದ್ದೆಯಲ್ಲೇ ಮಗು ನರಳಿತು.

ಪರವಾಗಿಲ್ಲ, ಸಿಡಿ ಇದೆಯಲ್ಲ ಅಂದುಕೊಂಡು ಅದನ್ನು ಹಳೇ ಪ್ಲೇಯರಿಗೆ ಹಾಕಿದ. ಟಿಕ್... ಟಿಕ್... ಟಿಕ್. ಅಷ್ಟೇ. ಮೂರು ದಿನ ಉಜ್ಜಿಸಿಕೊಂಡ ಸಿಡಿ ಕೈಕೊಟ್ಟಿತ್ತು. ಇನ್ನು ಅಳಿಸಿದ್ದೆಲ್ಲ ಅಳಿಸಿದಂತೆಯೇ.

ಅವನು ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕುಕ್ಕರಿಸಿದ. ಪರದೆಗೆ ಕೈಮುಗಿದ.

"ನಿನ್ನ ಕಾಲಿಗೆ ಬೀಳ್ತೀನಿ... ಅವಳನ್ನ ಬಿಡು. ಬೇಕಾದ್ರೆ ನನ್ನ ದನಿ ತಗೋ."

ಹಾಡಲು ಬಾರದವನು ಹೆಂಡತಿ ಸಾಲು ನಿಲ್ಲಿಸಿದಲ್ಲೆಲ್ಲ ತಾನು ಹಾಡಿದ. ಒಡಕು ದನಿಯಲ್ಲಿ, ಅಳುತ್ತಾ. ನನಗೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಕುಡಿದು ಬಂದಿದ್ದಾನೆ ಅಂದುಕೊಂಡೆ, ದೇವರು ಕ್ಷಮಿಸಲಿ. ಅವನ ದನಿ ಯಾರಿಗೂ ಬೇಕಿರಲಿಲ್ಲ. ಮಗಳ ದನಿ ಅವನ ದನಿಯ ಮೇಲೆಯೇ ಹಾಡುತ್ತಾ ಹೋಯಿತು.

ಆಮೇಲೆ ಒಂದೊಂದೇ ಅಳಿಸಿದ. ಪ್ರತಿಯೊಂದರ ಮೊದಲ ಸಾಲನ್ನು ಕೊನೆಯ ಸಲ ಕೇಳಿ, ಅಳಿಸಿದ. ಆರನೆಯದಕ್ಕೆ ಅಕ್ಕ ಬಾಗಿಲಲ್ಲಿ ಬಂದು ನಿಂತು ಪಿಸುಗುಟ್ಟಿದಳು, "ನೀರು ಕೇಳಿದ್ಲು." ಹನ್ನೊಂದು ಮುಗಿಯುವಾಗ ಮಗು ಎದ್ದು ಕೂತು ಅತ್ತೆಯ ಜೊತೆ ವಟವಟ ಶುರುಮಾಡಿತ್ತು.

ಉಳಿದದ್ದು ಒಂದು. ಹನ್ನೆರಡನೆಯದು. ಅದರ ಕೊನೆಯಲ್ಲಿ ಹೆಂಡತಿ ಸಣ್ಣಗೆ ನಕ್ಕು, "ಸಾಕು, ಸುಸ್ತಾಯ್ತು ನಂಗೆ" ಅನ್ನುತ್ತಾಳೆ. ಅದಾದ ಮೇಲಿನ ಖಾಲಿ ಜಾಗದಲ್ಲಿ ಮಗಳು ಹಾಡುವುದಿಲ್ಲ. "ಅಮ್ಮ" ಅಂತ ಒಂದೇ ಒಂದು ಸಲ ಕರೆಯುತ್ತಾಳೆ.

ಬೆಳಗಾಗುವ ತನಕ ಬೆರಳನ್ನು ಅಳಿಸುವ ಕೀಲಿಯ ಮೇಲೆ ಇಟ್ಟುಕೊಂಡು ಕೂತಿದ್ದನಂತೆ. ಒತ್ತಲು ಆಗಲಿಲ್ಲ. ಒತ್ತಿದ್ದರೆ ಅವನಿಗೆ ಹೆಂಡತಿ ಎರಡನೇ ಸಲ ಸತ್ತ ಹಾಗೆ.

ಇದನ್ನೆಲ್ಲ ಅವನೇ ನನಗೆ ಹೇಳಿದ್ದು. ಅದನ್ನೂ ಅಳಿಸಿಬಿಡು ಅಂತ ನಾನು ಬೈದೆ. ಅವನು ತಲೆ ಎತ್ತಲಿಲ್ಲ.

"ಎಲ್ಲ ಮಾತೂ ಬರುತ್ತೆ ಅವಳಿಗೆ. ಅದೊಂದು ಬರಲ್ಲ. ಇನ್ನು ಹಾಗೆ ಕರೆಯೋಕೆ ಅವಳಿಗೆ ಯಾರಿದಾರೆ ಹೇಳಿ..."

ನೀವು ನಂಬುವುದಿಲ್ಲ ಅಂತ ಗೊತ್ತು. ನಾನೂ ನಂಬಿರಲಿಲ್ಲ. ಹೋದ ವಾರ ಆ ಹುಡುಗಿ ನಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಮಂಡಿ ಸೀಳಿ ರಕ್ತ. ಒರೆಸಿದ್ದು ಇದೇ ಕೈ, ಸುಳ್ಳಲ್ಲ. ಅಷ್ಟು ನೋವಾದಾಗ ಯಾವ ಮಗುವಿಗಾದರೂ ಬಾಯಿಗೆ ಬರುವುದು ಒಂದೇ ಮಾತು ತಾನೆ? ಅವಳ ಬಾಯಿ ತೆರೆಯಿತು... ತುಟಿ ಕೂಡಿತು... ಮತ್ತೆ ತೆರೆಯಿತು. ಸದ್ದೇ ಬರಲಿಲ್ಲ.