ಸೊನ್ನೆ ತೋರಿಸಿದ ಗೇಜು

...ನಂಬಿಕೆದ್ರೋಹ ಅನ್ನದೆ ಇನ್ನೇನು ಅನ್ನಲಿ ಭಾವ? ನೀವೇ ಹೇಳಿ! ತಂಗೀನ ಕೊಟ್ಟೆ, ಕೆಲಸ ಕೊಡಿಸಿದೆ, ನನ್ನ ಕೈಕೆಳಗೇ ಇಟ್ಟುಕೊಂಡೆ. ನೀವು ನೋಡಿದ್ರೆ ತನಿಖೆಯವರ ಮುಂದೆ, "ಪೈಪಿನ ಗಾಳಿ ಹೊರಬಿಟ್ಟೆ, ಗೇಜು ಸೊನ್ನೆ ತೋರಿಸ್ತು, ಆಮೇಲೇ ಯಂತ್ರದ ಕ್ಲ್ಯಾಂಪಿನ ದವಡೆಗೆ ಕೈ ಹಾಕಿದೆ, ಆದ್ರೂ ಕಚ್ಚಿತು" ಅಂದುಬಿಟ್ರಿ! ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ.

ಏನು ಹಾಗೆ ನೋಡ್ತೀರಿ? ನೋವಾ? ಇರುತ್ತೆ. ಎರಡು ಬೆರಳು ಹೋದ್ರೆ ನೋವಿರಲ್ವಾ. ನನಗೂ ಇದೆ, ಮರ್ಯಾದೆ ಹೋದ ನೋವು. ಅದಕ್ಕೆ ಯಾರೂ ಬ್ಯಾಂಡೇಜು ಕಟ್ಟಲ್ಲ, ಅಷ್ಟೇ ವ್ಯತ್ಯಾಸ.

ಅಲ್ಲ, ದೂರಿದ್ದು ಯಾರನ್ನ? ಗೇಜನ್ನ! ಪಾಪ, ಬಾಯಿಲ್ಲದ್ದು. ಒಂದು ಗಾಜು, ಒಂದು ಮುಳ್ಳು. ಪೈಪಲ್ಲಿ ಗಾಳಿ ಇದ್ರೆ ಏರುತ್ತೆ, ಇಲ್ಲದಿದ್ರೆ ಸೊನ್ನೆಗೆ ಇಳಿಯುತ್ತೆ. ಅದ್ಯಾಕೆ ಸುಳ್ಳು ಹೇಳುತ್ತೆ? ಅದಕ್ಕೇನು ಬಡ್ತಿ ಬೇಕಾ? ನೋಡೋ ಮುಂಚೆ ಗಾಜನ್ನ ಎರಡು ಸಲ ತಟ್ಟಿ ಅಂತ ಹೇಳಿಕೊಟ್ಟವನು ಯಾರು? ನಾನು! ತಟ್ಟಿದ್ರಾ? ...ತಟ್ಟಿದ್ರಿ. ಸರಿ ಸರಿ, ಎಷ್ಟು ಸಲ ತಲೆ ಆಡಿಸ್ತೀರಿ.

ಈಗ ಹೋಗಿ ನೋಡಲಿ ಯಾರಾದ್ರೂ! ಆ ಯಂತ್ರದ ಗೇಜು ಬಂಗಾರದ ಹಾಗಿದೆ. ಹುಬ್ಬು ಯಾಕೆ ಏರಿಸ್ತೀರಿ? ಹೊಸದೇನಲ್ಲ. ಒರೆಸಿದ್ದೀನಿ, ಅಷ್ಟೇ.

ಅದಕ್ಕೇ ಈ ಕಾಗದ ತಂದೆ, ಹಿಡೀರಿ. "ಗೇಜು ನೋಡದೆ ಕೈ ಹಾಕಿದೆ." ಒಂದೇ ಸಾಲು. ಎಡಗೈ ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ. ನಾಳೆ ವಿಚಾರಣೆ... ಒತ್ತದಿದ್ರೆ ನನ್ನ ಕೆಲಸ ಹೋಗುತ್ತೆ. ಒತ್ತಿದ್ರೆ ನಿಮ್ಮದು ಹೋಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಬೆರಳಿಲ್ಲದವರದ್ದು ಹೇಗೂ ಹೋಗುತ್ತಲ್ಲ? ಇಬ್ಬರದ್ದೂ ಯಾಕೆ?

ನಗ್ತೀರಾ? ಯಾಕೆ ನಗ್ತೀರಿ? ದಿಂಬಿನ ಕೆಳಗೆ... ಏನದು, ಬಟ್ಟೇಲಿ ಸುತ್ತಿ?

...ಆ ಹಳೇ ಗೇಜು! ಯಾರು ತಂದುಕೊಟ್ರು? ನಾನೇ ಗುಜರಿ ಡ್ರಮ್ಮಿಗೆ... ಅಲ್ಲ, ಇಂಥವು ನೂರಿರುತ್ತೆ! ಮುಖಕ್ಕೆ ಹಿಡೀಬೇಡಿ, ಕಾಣುತ್ತೆ. ಪೈಪಿಲ್ಲ, ಗಾಳಿಯಿಲ್ಲ. ಮುಳ್ಳು ಸೊನ್ನೇಲಿರಬೇಕಿತ್ತು. ಒಂದು ಗೆರೆ ಕೆಳಗಿದೆ. ಹೌದು. ಸೊನ್ನೆಗಿಂತ ಕೆಳಗೆ.

ಭಾವ, ಬೈಯಿರಿ.

ಗಾಳಿ ಹೊರಬಿಟ್ಟ ಮೇಲೂ ಅದು ಸೊನ್ನೆಗಿಂತ ಒಂದು ಗೆರೆ ಮೇಲೆ ತೋರಿಸ್ತಿತ್ತು. ದಿನಾ. ಗೇಜು ಕೆಟ್ಟಿದೆ ಅಂದುಕೊಂಡೆ. ತಪಾಸಣೆಯವರು ಬರೋ ದಿನ ಗಾಜು ಬಿಚ್ಚಿದೆ, ಮುಳ್ಳು ಕಿತ್ತೆ, ಸೊನ್ನೆ ಮೇಲೆ ಒತ್ತಿ ಕೂರಿಸಿದೆ. ಬಂದವರು ಭೇಷ್ ಅಂದ್ರು! ಪೈಪಲ್ಲಿ ನಿಜವಾಗ್ಲೂ ಗಾಳಿ ಉಳೀತಿತ್ತು ಅಂತ ಯಾರಿಗೆ ಗೊತ್ತಿತ್ತು? ...ಅದಕ್ಕೆ ಗೊತ್ತಿತ್ತು. ದಿನಾ ಹೇಳ್ತಾನೇ ಇತ್ತು.

ತಟ್ಟಿ ನೋಡಲಾ? ಮುಳ್ಳು ಅಂಟಿಕೊಂಡಿರಬಹುದು... ನೀವು ಹೇಗೆ ತಟ್ತೀರಿ, ಬಿಡಿ, ನಾನೇ ತಟ್ತೀನಿ. ಒಂದು. ಎರಡು.

ಅಲ್ಲೇ ಇದೆ.

ಹೆಬ್ಬೆಟ್ಟು ಬೇಡ. ಆ ಕಾಗದ ಇತ್ತ ಕೊಡಿ, ಭಾವ.