ಆಮೇಲೆ ಬಾ ಎಂದ ಸರ್ವರ್

ದೀಪ ಸ್ವಲ್ಪ ಸಣ್ಣ ಮಾಡಿ. ಹ್ಞಾಂ, ಸಾಕು... ಇದು ನಾನು ಟೋಂಗಾ ದ್ವೀಪದಲ್ಲಿದ್ದಾಗ ಪಕ್ಕದ ಮನೆಯ ವಿಲಿಸೋನಿಗೆ ಆದದ್ದು. ಮೀನುಗಾರರ ಸಂಘದಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವವನು. ಆಡಿದರೆ ನಾಲ್ಕು ಮಾತು, ನಾಲ್ಕೂ ನಿಜ. ನಂಬಿದರೆ ನಂಬಿ, ಇಲ್ಲದಿದ್ದರೆ ಬಿಡಿ.

ಅವತ್ತು ಬಹಳ ಹೊತ್ತಾಗಿತ್ತು. ಸಂಘದ ಐಸ್ ಕೋಣೆಯಲ್ಲೇ ಸರ್ವರ್ ಇತ್ತು. ಅಲ್ಲಿಂದ ಮನೆಗೆ ಬರುತ್ತಿದ್ದ. ದಾರಿಯಲ್ಲಿ ಆಲದಮರ, ಅದರ ಮಗ್ಗುಲಿಗೆ ಗೋರಿಗಳು. ಕಾಲಡಿ ಹವಳದ ಪುಡಿ ಚರ್... ಚರ್... ಅನ್ನುತ್ತಿತ್ತು. ಮರದ ಹತ್ತಿರ ಬಂದಾಗ ಹಿಂದೆ ಇನ್ನೊಂದು ಸದ್ದು. ಪಚಕ್... ಪಚಕ್... ಒದ್ದೆಯಾದ ಹವಾಯಿ ಚಪ್ಪಲಿ. ಇವನು ನಿಂತ. ಅದೂ ನಿಂತಿತು. ಮಳೆ ಬಿದ್ದು ಎಷ್ಟೋ ದಿನವಾಗಿತ್ತು.

ಅವನು ತಿರುಗಿ ನೋಡಲಿಲ್ಲ. ಎದೆಯೊಳಗೆ ಅದಕ್ಕಿಂತ ದೊಡ್ಡ ಸಂಕಟ ಕೂತಿತ್ತು. ಅವನ ಸೋದರತ್ತೆಯ ಮಗ ಲೋಪೆತಿ ಇಬ್ಬರು ಜೊತೆಗಾರರೊಂದಿಗೆ ಮೀನಿಗೆ ಹೋದವನು ವಾಪಸ್ ಬಂದಿರಲಿಲ್ಲ. ದೋಣಿಗಳು ಉತ್ತರದ ಕಡೆಯೆಲ್ಲ ಹುಡುಕಿ ಸೋತಿದ್ದವು. ಬೆಳಗಾದರೆ ಹುಡುಕುವುದನ್ನು ನಿಲ್ಲಿಸುವುದೆಂದು ಹಿರಿಯರು ಹೇಳಿಯಾಗಿತ್ತು. ಆ ಸಂಜೆಯಷ್ಟೇ ಸರ್ವರಿನ ದಾಖಲೆ ನೋಡುವಾಗ ವಿಲಿಸೋನಿಗೆ ಒಂದು ವಿಷಯ ಗೊತ್ತಾಗಿತ್ತು. ಯಾರಿಗೂ ಹೇಳಲು ಬಾಯಿ ಬಂದಿರಲಿಲ್ಲ.

ವಿಷಯ ಇಷ್ಟೇ. ಊರಿಗೆಲ್ಲ ಅದೊಂದೇ ಸರ್ವರ್. ಕಳ್ಳ ಮೇಲ್‌ಗಳ ಕಾಟ ತಾಳಲಾರದೆ ಆಸ್ಪತ್ರೆಯ ನರ್ಸಮ್ಮ ದಿನಾ ಬಂದು ಬಯ್ಯುತ್ತಿದ್ದಳು. ಅದಕ್ಕೆ ಇವನು ಸರ್ವರಿಗೊಂದು ಕಾವಲು ಹಾಕಿದ್ದ. ಗುರುತಿಲ್ಲದ ವಿಳಾಸದಿಂದ ಮೇಲ್ ಬಂದರೆ ಮೊದಲ ಸಲ ಒಳಗೆ ಬಿಡುವುದಿಲ್ಲ, ‘ಆಮೇಲೆ ಬಾ’ ಎಂದು ಕಳಿಸಿಬಿಡುತ್ತದೆ. ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅದೇ ಉಪಾಯ. ಕಳ್ಳರಿಗೆ ಮತ್ತೆ ಬರುವ ತಾಳ್ಮೆ ಇರುವುದಿಲ್ಲ. ಸಾಚಾ ಆದವರು ಮತ್ತೆ ಬಂದೇ ಬರುತ್ತಾರೆ. ಆದರೆ ಲೋಪೆತಿ ಹೊಸದಾಗಿ ಕೊಂಡು ಕೊರಳಿಗೆ ಕಟ್ಟಿಕೊಂಡಿದ್ದ, ಉಪಗ್ರಹದ ಮೂಲಕ ಮೇಲ್ ಕಳಿಸುವ ಯಂತ್ರ ಬಡಪಾಯಿ, ಒಂದೇ ಸಲ ಕಳಿಸಿ ಸುಮ್ಮನಾಗುವಂಥದ್ದು. ದೋಣಿ ಕಾಣೆಯಾದ ಸಂಜೆ ಅದು ಬಂದು ಬಾಗಿಲು ತಟ್ಟಿತ್ತು. ಸರ್ವರ್ ಆಮೇಲೆ ಬಾ ಅಂದಿತ್ತು.

“ಯಾರೋ ಜೊತೇಲಿ?”

ವಿಲಿಸೋನಿ ಬೆಚ್ಚಿಬಿದ್ದ. ಆಲದ ಬೇರಿನ ಮೇಲೆ ಸೋದರತ್ತೆ ಕಲೋಲೈನೆ ಕೂತಿದ್ದರು. ಲೋಪೆತಿಯ ತಾಯಿ. ಮಗನ ದಾರಿ ಕಾಯುತ್ತ ಅಲ್ಲೇ ಕೂರುತ್ತಿದ್ದರು.

“ಯಾರೂ ಇಲ್ಲ ಅತ್ತೆ. ಒಬ್ನೇ.”

“ಇಬ್ಬರ ಹೆಜ್ಜೆ ಕೇಳಿಸ್ತು...”

ಅಲ್ಲಿ ಸೋದರತ್ತೆ ಅಂದರೆ ಮನೆಗೆಲ್ಲ ದೊಡ್ಡವಳು. ಅವಳ ಎದುರು ಸುಳ್ಳು ಹೇಳಲು ನಾಲಿಗೆ ಹೊರಳುವುದಿಲ್ಲ. ವಿಲಿಸೋನಿ ಎಲ್ಲವನ್ನೂ ಹೇಳಿ ಅತ್ತುಬಿಟ್ಟ.

ಅತ್ತೆ ಪಿಸುದನಿಯಲ್ಲೇ ಕೇಳಿದರು. “ನನ್ನ ಮಗ ನಿನ್ನ ಮನೆಗೆ ಯಾವತ್ತಾದ್ರೂ ಬಾಗಿಲು ತಟ್ಟಿ ಬಂದಿದ್ನೇನೋ?”

“ಇಲ್ಲ.”

“ನಿನ್ನ ಹಂದಿ ಹೊತ್ಕೊಂಡು ಹೋದಾಗ ಕೇಳಿದ್ನಾ? ನಿನ್ನ ಮದುವೆ ಅಂಗಿ ಹಾಕ್ಕೊಂಡು ಹೋದಾಗ?”

“ಇಲ್ಲ ಅತ್ತೆ.”

“ಅಂಥವನಿಗೆ ಆಮೇಲೆ ಬಾ ಅಂದ್ಯಾ...”

ಅದು ಅಲ್ಲಿಯ ಪದ್ಧತಿ. ಸೋದರತ್ತೆಯ ಮಗನಿಗೆ ಸೋದರಮಾವನ ಮನೆಯಲ್ಲಿ ಕೇಳದೆ ತೆಗೆದುಕೊಳ್ಳುವ ಹಕ್ಕುಂಟು. ಹಿಂದಿನಿಂದ ಗೊಣಗಬಹುದು, ಎದುರಿಗೆ ಬೇಡವೆನ್ನುವ ಹಾಗಿಲ್ಲ.

“ನಡಿ ಮುಟ್ಠಾಳ. ಆ ಕಾವಲು ತೆಗಿ.”

“ತೆಗೆದ್ರೂ ಪ್ರಯೋಜನ ಇಲ್ಲ. ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದು, ಒಳಗೆ ಒಂದಕ್ಷರ ಉಳಿದಿಲ್ಲ. ಭಾವನೇ ಮತ್ತೆ ಕಳಿಸ್ಬೇಕು.”

“ಕಳಿಸ್ತಾನೆ.”

“ಇಂಟರ್ನೆಟ್ಟೇ ಇಲ್ಲ ಅತ್ತೆ! ಗಾಳಿಗೆ ಡಿಶ್ ತಿರುಗಿಹೋಗಿದೆ...”

“ನಡಿ ಅಂದೆ.”

ನಡೆದರು. ಚರ್... ಚರ್... ಅವರ ಹಿಂದೆ ಪಚಕ್... ಪಚಕ್... ಇಬ್ಬರೂ ಅದರ ಮಾತೆತ್ತಲಿಲ್ಲ.

ಐಸ್ ಕೋಣೆಯಲ್ಲಿ ಫ್ಯಾನು ಗುಂಯ್ ಅನ್ನುತ್ತಿತ್ತು. ಮೂಲೆಯಲ್ಲಿ ಐಸ್ ಕರಗಿ ತೊಟ್... ತೊಟ್... ವಿಲಿಸೋನಿ ಕಾವಲು ತೆಗೆದು ಸರ್ವರನ್ನು ಮತ್ತೆ ಚಾಲೂ ಮಾಡಿದ. ಹೊರಗಿನ ಲೈನಿನ ದೀಪ ಆರಿಯೇ ಇತ್ತು. ಇಬ್ಬರೂ ನೆಲದ ಮೇಲೆ ಕೂತರು. ಕಾದರು...

ಕಿರ್... ಕಿರ್ ಕಿರ್... ಡಿಸ್ಕಿನ ಸದ್ದು. ಒಂದು ಮೇಲ್ ಬಂದಿತ್ತು. ಲೋಪೆತಿಯ ಹೆಸರಲ್ಲಿ, ಅವನ ಯಂತ್ರದ ವಿಳಾಸದಿಂದ.

“ಮೋತುಲೋವಾ ದಿಬ್ಬ, ದಕ್ಷಿಣದ ಮಗ್ಗುಲು. ಇಬ್ಬರಿಗೆ ನೀರು ತನ್ನಿ.”

ಎಲ್ಲಿಂದ ಬಂತೆಂದು ವಿಲಿಸೋನಿ ನೋಡಿದ. “ಅತ್ತೆ... ಇದು ಹೊರಗಿಂದ ಬಂದಿಲ್ಲ. ಈ ಸರ್ವರ್ ಮುಂದೇನೇ ಕೂತು ಬರೆದದ್ದು ಅಂತ ತೋರಿಸ್ತಿದೆ.”

ಎದುರಿಗೆ ಕುರ್ಚಿ ಖಾಲಿ ಇತ್ತು.

ಅತ್ತೆಗೆ ಅದು ಬೇಕಿರಲಿಲ್ಲ. ಪರದೆಯ ಮೇಲಿನ ‘ಇಬ್ಬರಿಗೆ’ ಎಂಬ ಒಂದೇ ಮಾತಿನ ಮೇಲೆ ಬೆರಳಿಟ್ಟರು. “ಮೂರು ಜನ ಹೋಗಿದ್ರಲ್ವೇನೋ...”

ವಿಲಿಸೋನಿ ತಲೆ ತಗ್ಗಿಸಿದ. ಅತ್ತೆ ಕಣ್ಣು ಮುಚ್ಚಿಕೊಂಡರು. ಆ ತಾಯಿಯ ಉಸಿರು ಒಂದು ಸಲ ಒಳಗೆ ಹೋದದ್ದು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ನೆಲಕ್ಕೆ ಕೈಯೂರಿ ಎದ್ದರು.

“ಏಳು. ದೋಣಿಯವರನ್ನ ಎಬ್ಬಿಸು. ಇಬ್ಬರು ಕಾಯ್ತಿದಾರೆ.”

ಬೆಳಕು ಹರಿಯುವ ಹೊತ್ತಿಗೆ ಸಿಕ್ಕರು. ತುಟಿ ಒಡೆದು ರಕ್ತ ಬರುತ್ತಿತ್ತು, ಆದರೂ ಜೀವವಿತ್ತು. ದೋಣಿ ಮಗುಚಿದ್ದು ಹೋದ ದಿನವೇ ಅಂತೆ. ಲೋಪೆತಿ ಒಂದು ಮೇಲ್ ಕಳಿಸಿ, ಇಬ್ಬರಿಗೂ ಹಲಗೆ ಕೊಟ್ಟು, ತಾನು ಅಲೆಗೆ ಸಿಕ್ಕಿಬಿಟ್ಟನಂತೆ. ಇವರು ತೇಲಿ ಆ ದಿಬ್ಬ ಹತ್ತಿದ್ದು ಮಾರನೆಯ ದಿನ. ಅವರು ಅಲ್ಲಿ ಸೇರಿದ್ದನ್ನು ಲೋಪೆತಿ ನೋಡಿಯೇ ಇರಲಿಲ್ಲ.

ದುಃಖದ ದಿನಗಳೆಲ್ಲ ಕಳೆದ ಮೇಲೆ ವಿಲಿಸೋನಿ ಆ ಮೇಲ್‌ಗೆ ಉತ್ತರ ಬರೆದ. “ತಂದೆವು ಭಾವ. ಇಬ್ಬರೂ ಬದುಕಿದ್ದಾರೆ. ನನ್ನಿಂದ ತಪ್ಪಾಯಿತು.” ಹುಚ್ಚು ಅನ್ನಿ. ಯಂತ್ರ ಸಮುದ್ರದ ತಳದಲ್ಲಿದೆ, ಕಂಪನಿಯವರು ಆ ವಿಳಾಸವನ್ನೂ ಅಳಿಸಿದ್ದಾರೆ. ಇಲ್ಲದ ವಿಳಾಸಕ್ಕೆ ಬರೆದ ಮೇಲ್, ತಲುಪಲಿಲ್ಲವೆಂದು ತಿರುಗಿ ಬರಬೇಕು. ಅವನು ದಿನಾ ಕಾದ.

ಬಂದಿಲ್ಲ. ಇವತ್ತಿಗೂ ಬಂದಿಲ್ಲ. ಅವನು ನನ್ನನ್ನು ಕೂರಿಸಿಕೊಂಡು ತೋರಿಸಿದ್ದಾನೆ, ಇದೇ ಕಣ್ಣಲ್ಲಿ ನೋಡಿದ್ದೇನೆ... ಆ ಮೇಲ್ ಎದುರಿಗೆ ‘ತಲುಪಿತು’ ಅಂತ ಇದೆ.