ಗೌರಿ ಹೂವಿನ ಗಡ್ಡೆ

ನೀಲಕ್ಕ ಎದೆಗವಚಿ ತಂದ ಕುಂಡವನ್ನು ಯಶವಂತಪುರದ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲಿಟ್ಟಳು. ಪಕ್ಕದಲ್ಲಿ ಅದೇ ರೈಲಿಗೆ ಕಾಯುತ್ತ ಕೂತಿದ್ದ ಪ್ರತಿಭಾ ಕುತೂಹಲದಿಂದ ಇಣುಕಿದಳು. ಒಳಗೆ ಬರೀ ಒಣಮಣ್ಣು.

“ಧಾರವಾಡದಲ್ಲಿ ಮಣ್ಣು ಸಿಗಲ್ವಾ ನೀಲಕ್ಕ?” ಕಳಿಸಿಕೊಡಲು ಬಂದಿದ್ದ ಪಕ್ಕದ ಮನೆಯ ಇಂದು ನಕ್ಕಳು.

“ಒಳಗ ಗೌರಿ ಹೂವಿನ ಗಡ್ಡಿ ಐತಿ. ಬ್ಯಾಸಗಿ ಪೂರ್ತಿ ಮಲಗತೈತಿ.”

“ಎರಡು ತಿಂಗಳು ನಾನೇ ನೋಡ್ಕೋತಿದ್ದೆ ಕಣ್ರೀ.”

“ಹೋದ ವರ್ಷ ನೋಡಿದ್ಯಲ್ಲ! ಖಾಲಿ ಕುಂಡ ಅಂತ ಕೊತ್ತಂಬರಿ ಬಿತ್ತಿ, ದಿನಾ ನೀರು ಹಾಕಿ, ಗಡ್ಡಿ ಕೊಳಿಸಿದಿ.”

“ಸೊಪ್ಪು ಚೆನ್ನಾಗ್ ಬಂದಿತ್ತು. ನಿಮಗೂ ಕೊಟ್ಟಿದ್ದೆ.”

“ಚಟ್ನಿ ಅರದು ತಿಂದೆ. ಹಬ್ಬಕ್ಕ ಗೌರಿಗೆ ಹೂವಿರಲಿಲ್ಲ. ಈಗ ಅದರಾಗ ಇದೊಂದ ಗಡ್ಡಿ ಉಳದೈತಿ.”

ರೈಲು ಬಂದು ನಿಂತಿತು. ಇಂದು ಕೈ ಚಾಚಿದಳು.

“ದೇವರಾಣೆ, ಈ ಸಲ ಒಂದು ಹನಿ ನೀರೂ ಹಾಕಲ್ಲ. ಕೊಡಿ.”

ನೀಲಕ್ಕ ಆ ಕೈಯಲ್ಲಿ ಬೀಗದ ಕೀಲಿ ಇಟ್ಟಳು.

“ಮನಿ ನೋಡ್ಕೋ. ಕುಂಡ ಕೊಡಂಗಿಲ್ಲ.”